ದಿಣ್ಣೆ ಹತ್ತದ ಜಪಾನ್ ಗಾಡಿ

ಹೊಳೆನರಸೀಪುರದ ಕೋಟೆ ಬೀದಿಯಲ್ಲಿ ವಸಂತಮ್ಮನವರ ಕೆಲಸಕ್ಕೆ ಹೆಸರಿಟ್ಟವರು ಯಾರೂ ಇಲ್ಲ. ಆಕೆ ಜಗಳಗಂಟಿ ಅಂತಲ್ಲ. ಹಿಡಿದ ಕೆಲಸ ಹಾಗಿರುತ್ತಿತ್ತು. ತಪ್ಪು ಹುಡುಕುವುದೆಂದರೆ ಮೊಸರಲ್ಲಿ ಕಲ್ಲು ಹುಡುಕಿದ ಹಾಗೆ. ಹಾಗೂ ಹುಡುಕಿದವರ ಪಾಡು ದೇವರಿಗೇ ಪ್ರೀತಿ. ಮದುವೆಯಾದ ಹೊಸದರಲ್ಲಿ ಅವರ ಯಜಮಾನರು ಯೋಗಾನರಸಿಂಹ ಮೇಷ್ಟ್ರು ಬಿಸಿಬೇಳೆಬಾತಿನ ಮೊದಲ ತುತ್ತು ಬಾಯಿಗಿಟ್ಟು, "ಉಪ್ಪು ಒಂದು ಕಲ್ಲು ಮುಂದಾಯ್ತೇನೋ" ಎಂದುಬಿಟ್ಟರು. ವಸಂತಮ್ಮ ಅಳಲಿಲ್ಲ, ಮುಖ ಊದಿಸಲಿಲ್ಲ, ಒಂದು ಮಾತೂ ಆಡಲಿಲ್ಲ. ಆಮೇಲೆ ಹನ್ನೊಂದು ವರ್ಷ ಆ ಮನೆಯಲ್ಲಿ ಬಿಸಿಬೇಳೆಬಾತು ಆಗಲಿಲ್ಲ, ಅಷ್ಟೆ. ಹನ್ನೆರಡನೆಯ ವರ್ಷ ಮಗಳು ಅನ್ವಿತಾ ಹಟ ಹಿಡಿದು ಅತ್ತಿದ್ದಕ್ಕೆ ಮತ್ತೆ ಒಲೆಯ ಮೇಲೆ ಏರಿತು. ಮೇಷ್ಟ್ರು ಆ ದಿನ ಮೂರು ಸಲ ಬಡಿಸಿಕೊಂಡು ತಿಂದರು. ಉಪ್ಪಿನ ಸುದ್ದಿ ಎತ್ತಲಿಲ್ಲ.

ಮೇಷ್ಟ್ರು ಎಂದರೆ ಅ ಆ ಇ ಈ ಕಲಿಸುವ ಮೇಷ್ಟ್ರಲ್ಲ. ಹಾಸನದ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದುವ ಹುಡುಗರಿಗೆ ಮೂವತ್ತೊಂದು ವರ್ಷ ಪಾಠ ಹೇಳಿದವರು. ಬೆಳಗಿನ ಮೊದಲ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ. ಎರಡು ಸಾವಿರದ ಎರಡನೇ ಇಸವಿಯಲ್ಲಿ ಹಾರ ಹಾಕಿಸಿಕೊಂಡು ನಿವೃತ್ತರಾಗಿ ಬಂದವರು ಜಗಲಿಯ ಆರಾಮ ಕುರ್ಚಿಯಲ್ಲಿ ಕೂತರು. ಕೂತವರು ಏಳಲಿಲ್ಲ. ಮೊದಲ ತಿಂಗಳು ಪೇಪರನ್ನು ಟೆಂಡರ್ ಪ್ರಕಟಣೆಯವರೆಗೂ ಓದುತ್ತಿದ್ದರು. ಆಮೇಲೆ ಪೇಪರು ಮಡಿಲಲ್ಲಿ ಮಡಿಸಿದ ಹಾಗೇ ಇರತೊಡಗಿತು. "ಸಾರು ಯಾವುದು ಮಾಡಲಿ?" ಎಂದರೆ "ಯಾವುದಾದರೂ ಆದೀತು." ಗಡ್ಡ ಮಾಡಿಕೊಳ್ಳುವುದು ವಾರಕ್ಕೊಂದು ಸಲಕ್ಕೆ ಇಳಿಯಿತು. ಕಾಯಿಲೆ ಬಿದ್ದವರನ್ನಾದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬಹುದು. ಚೆನ್ನಾಗಿದ್ದೂ ಸುಮ್ಮನೆ ಕೂತ ಮನುಷ್ಯನನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ವಸಂತಮ್ಮನಿಗೆ ಒಳಗೊಳಗೇ ದಿಗಿಲು ಹತ್ತಿತು.

ಆ ದಿಗಿಲನ್ನು ಬಿಡಿಸಿದ್ದು ಒಂದು ಕೆಟ್ಟ ಗಾಡಿ.

ಚನ್ನರಾಯಪಟ್ಟಣದಲ್ಲಿ ಗ್ರಾನೈಟ್ ವ್ಯಾಪಾರ ಮಾಡುವ ಗುಂಡಯ್ಯ ಎಂಬ ಸಾಹುಕಾರರಿದ್ದರು. ಡೆಲ್ಲಿಯಲ್ಲಿ ಯಾವುದೋ ರಾಯಭಾರಿ ಓಡಿಸಿ ಬಿಟ್ಟ ಜಪಾನಿನ ದೊಡ್ಡ ಜೀಪೊಂದನ್ನು ಷೋಕಿಗೆ ತರಿಸಿಕೊಂಡು, ಐದು ವರ್ಷ ಮೆರೆದು, ಕೆಟ್ಟಾಗ ರಿಪೇರಿ ಮಾಡುವವರು ಸಿಗದೆ ಹುಣಸೆಮರದ ಕೆಳಗೆ ನಿಲ್ಲಿಸಿದ್ದರು. ಮಗನನ್ನು ಪಾಸು ಮಾಡಿಸಿದ ಮೇಷ್ಟ್ರೆಂಬ ಗೌರವಕ್ಕೆ ಹೇಳಿ ಕಳಿಸಿದರು.

"ಮೇಷ್ಟ್ರೆ, ಇದು ನಮ್ಮ ಕೈಗೆ ಬಗ್ಗಾಕಿಲ್ಲ. ಗುಜರಿಗೆ ಆಕಾಕೆ ಒಟ್ಟೆ ಉರೀತದೆ. ಒಂದು ಸ್ಕೂಟ್ರಿನ ದುಡ್ಡು ಕೊಟ್ಬುಟ್ಟು ಎಳ್ಕೊಂಡೋಗಿ."

ಮೇಷ್ಟ್ರು ಎಳೆದುಕೊಂಡೇ ಬಂದರು, ಟ್ರಾಕ್ಟರಿಗೆ ಕಟ್ಟಿ. ಬೀದಿಗೆ ಬೀದಿಯೇ ಜಗಲಿಗೆ ಬಂದು ನಿಂತಿತು. ಮದುವೆ ಮಂಟಪದ ಕುರ್ಚಿಗಿಂತ ಮೆತ್ತಗಿನ ಮಖಮಲ್ಲಿನ ಸೀಟು, ತಲೆಯ ಮೇಲೆ ತೆರೆದು ಮುಚ್ಚುವ ಗಾಜಿನ ಕಿಟಕಿ, ಗಾಡಿ ಎಷ್ಟು ವಾಲಿದೆ ಎಂದು ತೋರಿಸುವ ಗುಂಡನೆಯ ಮೀಟರು, ಅದರೊಳಗೆ ಹೆಬ್ಬೆರಳಿನಷ್ಟು ಚಿಕ್ಕದೊಂದು ಗೊಂಬೆ ಜೀಪು. ಅದು ಹಸುವಿನ ಕೊಟ್ಟಿಗೆಯಲ್ಲಿ ಹಿಡಿಸಲಿಲ್ಲ. ಒಂದು ಗೋಡೆ ಒಡೆಸಬೇಕಾಯಿತು.

"ಹಸು ಕಟ್ಟೋ ಜಾಗದಲ್ಲಿ ಆನೆ ತಂದು ಕಟ್ಟಿದ್ರಿ. ಮೇವಿಗೇನು ಮಾಡ್ತೀರಿ?" ಎಂದರು ವಸಂತಮ್ಮ, ಎಲ್ಲರಿಗೂ ಕೇಳುವ ಹಾಗೆ. ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ಕುರ್ಚಿ ಖಾಲಿ. ಮೇಷ್ಟ್ರು ನುಣ್ಣಗೆ ಗಡ್ಡ ಮಾಡಿಕೊಂಡು, ಹಳೆಯ ಖಾಕಿ ಷರಟು ತೊಟ್ಟು, ಗಾಡಿಯ ಬಾನೆಟ್ಟು ಎತ್ತಿ ಅದರೊಳಗೆ ಸೊಂಟದವರೆಗೆ ಇಳಿದು, ಏನನ್ನೋ ಗುನುಗುತ್ತಿದ್ದರು. ವಸಂತಮ್ಮ ಒಳಗೆ ಹೋಗಿ ನರಸಿಂಹಸ್ವಾಮಿ ಪಟಕ್ಕೆ ಇನ್ನೊಂದು ದೀಪ ಹಚ್ಚಿದರು. ಹೊರಗೆ ಬಂದು ಮತ್ತೆ ಬೈದರು.

ಒಂದು ತಿಂಗಳಲ್ಲಿ ಗಾಡಿ ಗುಡುಗುಟ್ಟುತ್ತಾ ಶುರುವಾಯಿತು. ಬೀದಿಯವರಿಗೂ ಅದು ತಮ್ಮದೇ ಅನ್ನಿಸತೊಡಗಿತು. ಪಕ್ಕದ ಮನೆ ಪ್ರೇಮಕುಮಾರಿ ಅದರ ನೆತ್ತಿಯ ಮೇಲೆ ಸಂಡಿಗೆ ಒಣಗಿಸಿದರು. ಅಲ್ಲಿ ಬಿಸಿಲೂ ಚೆನ್ನಾಗಿತ್ತು, ದನವೂ ಬಾಯಿ ಹಾಕುವ ಹಾಗಿರಲಿಲ್ಲ. ಮೇಷ್ಟ್ರು ಗಾಡಿ ತೆಗೆಯುವ ಮುಂಚೆ ಬೀದಿಗೆ ಕೇಳುವಂತೆ, "ಸಂಡಿಗೆ ತಕ್ಕೊಳಿ!" ಎಂದು ಕೂಗುತ್ತಿದ್ದರು.

ಇನ್ನು ಮೇವಿನ ಮಾತು. ಕೋಟೆ ಬೀದಿಯ ಇಕ್ಕಟ್ಟಿನಲ್ಲಿ ಗಾಡಿ ತಿರುಗಿಸಿ ಬಂಕಿಗೆ ಹೋಗಿಬರುವ ಬದಲು ಮೇಷ್ಟ್ರು ಸೈಕಲ್ಲಿನ ಹಿಂದೆ ಕ್ಯಾನು ಕಟ್ಟಿಕೊಂಡು ಡೀಸೆಲ್ ತರುತ್ತಿದ್ದರು. ಮೊದಲ ಕ್ಯಾನಿನ ತಳದಲ್ಲೇ ಕಪ್ಪು ಗಸಿ ಕಂಡಿತು.

"ಸೋಸದೆ ಹಾಕಿದ್ರೆ ಪಂಪು ಹೋಗುತ್ತೆ," ಎಂದು ಮೇಷ್ಟ್ರು ತಲೆ ಕೆರೆದುಕೊಂಡರು.

ಸೋಸುವುದು ಎಂಬ ಮಾತು ಕೇಳಿದ್ದೇ ತಡ, ವಸಂತಮ್ಮ ಸೆರಗು ಸಿಕ್ಕಿಸಿದರು. ಆ ಮನೆಯಲ್ಲಿ ಸೋಸದೆ ಒಳಗೆ ಹೋದ ಪದಾರ್ಥವೇ ಇಲ್ಲ. ಕುಡಿಯುವ ನೀರು, ಹಾಲು, ತುಪ್ಪ, ಬೆಲ್ಲದ ಪಾಕ, ಹುಣಸೆ ರಸ, ಹರಳೆಣ್ಣೆ, ಒಂದೊಂದಕ್ಕೂ ಬೇರೆ ಬೇರೆ ಬಟ್ಟೆ. "ಆ ಕೆಲಸ ನನಗೆ ಬಿಡಿ. ನಿಮಗೆ ಬರೋಲ್ಲ," ಎಂದು, ಸ್ವರ್ಗಸ್ಥರಾದ ಮಾವನವರ ಮಡಿ ಪಂಚೆಯನ್ನು ಪೆಟ್ಟಿಗೆಯಿಂದ ತೆಗೆದರು. ಒಗೆದು ಒಗೆದು ಮಲ್ಲಿಗೆಯಷ್ಟು ಮೆದುವಾಗಿದ್ದ ಹತ್ತಿ ಬಟ್ಟೆ, ಕುಂಕುಮ ಬಣ್ಣದ ಅಂಚು. ಅದನ್ನು ನಾಲ್ಕು ತುಂಡು ಮಾಡಿ, ಒಂದನ್ನು ನಾಲ್ಕು ಮಡಿಕೆ ಮಾಡಿ ಆಲಿಕೆಯ ಬಾಯಿಗೆ ಕಟ್ಟಿದರು. ಡೀಸೆಲ್ಲಿಗೆ ಮಡಿ ಮೈಲಿಗೆ ಇಲ್ಲವೆಂದು ತಾವೇ ಒಂದು ಶಾಸ್ತ್ರ ಮಾಡಿಕೊಂಡರು.

ಅಂದಿನಿಂದ ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಇಬ್ಬರ ಬೈಠಕ್ಕು. ಮೇಷ್ಟ್ರು ಕ್ಯಾನು ಬಗ್ಗಿಸುವುದು, ವಸಂತಮ್ಮ ಆಲಿಕೆ ಹಿಡಿಯುವುದು. ಎಣ್ಣೆ ನೂಲಿನಷ್ಟು ಸಣ್ಣಗೆ ಇಳಿಯುವಾಗ ಮಾಡುವುದಕ್ಕೆ ಬೇರೇನೂ ಇರುತ್ತಿರಲಿಲ್ಲ, ಮಾತಾಡುತ್ತಿದ್ದರು. ಮೂವತ್ತು ವರ್ಷದಲ್ಲಿ ಆಡದ ಮಾತು. ಐಟಿಐಯಲ್ಲಿ ಯಾವ ಹುಡುಗ ಯಾವ ಹುಡುಗನ ಟೋಪಿ ಇಂಜಿನ್ನಿನೊಳಗೆ ಬಚ್ಚಿಟ್ಟ, ವಸಂತಮ್ಮ ಹುಡುಗಿಯಾಗಿದ್ದಾಗ ಮಲ್ಲಿಪಟ್ಟಣದ ಕೆರೆಯಲ್ಲಿ ಬಿಂದಿಗೆ ಕಳೆದದ್ದು ಹೇಗೆ, ಎಲ್ಲಾ. ಪಂಪಿನಿಂದ ಗಾಳಿ ತೆಗೆಯುವಾಗ ಮೇಷ್ಟ್ರು ಸ್ಪ್ಯಾನರ್ ಹಿಡಿದು "ಒತ್ತು... ಹಿಡಿ... ಬಿಡು" ಎನ್ನುತ್ತಿದ್ದರು, ವಸಂತಮ್ಮ ಗುಂಡಿ ಒತ್ತಿ, ಹಿಡಿದು, ಬಿಡುತ್ತಿದ್ದರು. ಕೈಗೆ ಡೀಸೆಲ್ ವಾಸನೆ ಹತ್ತಿದರೆ ಸೀಗೆಪುಡಿ ಹಾಕಿ ಉಜ್ಜಿದರೂ ಹೋಗದು. ಆಕೆಗೆ ಅದು ಬೇಸರ ತರಲಿಲ್ಲ.

ಗೌರಿ ಹಬ್ಬಕ್ಕೆ ವಸಂತಮ್ಮನ ಅಕ್ಕ ಹಂಸಳ ಮನೆಗೆ, ಮಲ್ಲಿಪಟ್ಟಣಕ್ಕೆ, ಬಾಗಿನ ತೆಗೆದುಕೊಂಡು ಜಪಾನ್ ಗಾಡಿಯಲ್ಲಿ ಹೊರಟರು. ಅರಕಲಗೂಡು ಇನ್ನೂ ಮೂರು ಮೈಲಿ ಇರುವಾಗ ಒಂದು ಉದ್ದನೆಯ ದಿಣ್ಣೆ. ಅದರ ನಡುವೆ ಗಾಡಿ ಏದುಸಿರು ಬಿಟ್ಟು, ಎರಡು ಸಲ ಮುಗ್ಗರಿಸಿ, ನಿಂತುಬಿಟ್ಟಿತು. ಮೇಷ್ಟ್ರು ಬಾನೆಟ್ಟು ಎತ್ತಿ ಎಲ್ಲವನ್ನೂ ಮುಟ್ಟಿ ನೋಡಿದರು. ಅರ್ಧ ಗಂಟೆ ಕಳೆದ ಮೇಲೆ ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಶುರುವಾಯಿತು. ದಸರಾಕ್ಕೆ ಹೋದಾಗಲೂ ಅದೇ ದಿಣ್ಣೆ, ಅದೇ ಕಥೆ. ಸಂಕ್ರಾಂತಿ ಹೊತ್ತಿಗೆ ಸಣ್ಣ ದಿಣ್ಣೆಗಳಲ್ಲೂ ನಿಲ್ಲತೊಡಗಿತು.

ಮೇಷ್ಟ್ರು ಬಿಡಲಿಲ್ಲ. ಎಣ್ಣೆ ಚಿಮ್ಮಿಸುವ ನಾಝಲ್‌ಗಳನ್ನು ಬಿಚ್ಚಿ ಹಾಸನಕ್ಕೆ ಒಯ್ದು ತೊಳೆಸಿ ತಂದರು. ಪಂಪು ಬಿಚ್ಚಿದರು, ಕಟ್ಟಿದರು. ಸೈಲೆನ್ಸರ್ ಬಡಿದು ನೋಡಿದರು. ಬೀದಿಯವರು ಮೊದಲು ಕನಿಕರಿಸಿದರು, ಆಮೇಲೆ ನಕ್ಕರು. "ಮೇಷ್ಟ್ರ ಗಾಡಿಗೂ ಊಟ ಆದಮೇಲೆ ಒಂದು ಜೊಂಪು ಬೇಕು," ಎಂದರು ಒಬ್ಬರು. "ಮೂವತ್ತು ವರ್ಷ ಕರಿ ಹಲಗೆ ಮೇಲೆ ಇಂಜಿನ್ ಓಡಿಸಿದವರು, ನಿಜವಾದ್ದು ಓಡಬೇಕಲ್ಲ," ಎಂದರು ಇನ್ನೊಬ್ಬರು. ಅದು ಮೇಷ್ಟ್ರ ಕಿವಿಗೂ ಬಿತ್ತು, ವಸಂತಮ್ಮನ ಕಿವಿಗೂ ಬಿತ್ತು.

ಶಿವರಾತ್ರಿ ಕಳೆದ ಒಂದು ಮಧ್ಯಾಹ್ನ ಮೇಷ್ಟ್ರು ಕೊಟ್ಟಿಗೆಯಿಂದ ಬಂದು ಕೈ ತೊಳೆದು, ಆರಾಮ ಕುರ್ಚಿಯಲ್ಲಿ ಕೂತರು.

"ಹಾಸನದ ಗುಜರಿ ಪಾಲಾಕ್ಷನಿಗೆ ಫೋನ್ ಮಾಡಿದೆ. ಇನ್ನೊಂದು ಮೂರು ವಾರಕ್ಕೆ, ಸೋಮವಾರ, ಬಂದು ಕತ್ತರಿಸಿಕೊಂಡು ಹೋಗ್ತಾನೆ."

ವಸಂತಮ್ಮನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. "ಯಾಕ್ರೀ? ಏನಾಯ್ತು?"

"ನನಗೆ ಗೊತ್ತಾಗ್ಲಿಲ್ಲ ಕಣೇ. ಗೊತ್ತಾಗದ್ದನ್ನ ಗೊತ್ತಿಲ್ಲ ಅಂತ ಒಪ್ಕೋಬೇಕು."

ಇಷ್ಟು ದಿನ ಊಟಕ್ಕೆ ಕರೆದರೂ ಗಾಡಿಯ ಕೆಳಗಿಂದ ಎದ್ದು ಬಾರದಿದ್ದವರು ಹೀಗೆ ಒಂದೇ ಮಾತಿಗೆ ಸೋಲೊಪ್ಪಿದ್ದು ವಸಂತಮ್ಮನಿಗೆ ಅರ್ಥವಾಗಲಿಲ್ಲ. ಮೇಷ್ಟ್ರು ಆ ಕುರ್ಚಿಯಿಂದ ಏಳಲೂ ಇಲ್ಲ. ಗಡ್ಡ ಬೆಳೆಯಿತು. "ಸಾರು ಯಾವುದು?" "ಯಾವುದಾದರೂ." ಗಾಡಿ ಹೋದರೆ ಹೋಗಲಿ, ಕಬ್ಬಿಣ. ಆದರೆ ಗಾಡಿಯ ಜೊತೆ ಈ ಮನುಷ್ಯನೂ ಹೋಗುತ್ತಾರೆ, ಕುರ್ಚಿಯಲ್ಲಿ ಕೂತೇ ಹೋಗುತ್ತಾರೆ. ಆ ಸೋಮವಾರದೊಳಗೆ ಗಾಡಿ ದಿಣ್ಣೆ ಹತ್ತಬೇಕು. ವಸಂತಮ್ಮ ಹಾಗೆಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡರು.

ಆಲಿಕೆ ಹಿಡಿದು ಕೂತ ಬೆಳಗುಗಳಲ್ಲಿ ಮೇಷ್ಟ್ರು ಪದೇ ಪದೇ ಹೇಳುತ್ತಿದ್ದ ಹೆಸರೊಂದಿತ್ತು, ನಟರಾಜು. ಹರದನಹಳ್ಳಿಯವನು. "ಅವನ ಕಿವಿ ಕಿವಿಯಲ್ಲ, ಸ್ಟೆತಸ್ಕೋಪು," ಎನ್ನುತ್ತಿದ್ದರು. ಈಗ ಅರಕಲಗೂಡಿನಲ್ಲಿ ಸ್ವಂತ ಗ್ಯಾರೇಜು. ಅವನನ್ನು ಕರೆಸಿ ಎಂದರೆ ಮಾತ್ರ ಮೇಷ್ಟ್ರು, "ಬೇಡ, ಬೇಡ. ಅವನಿಗ್ಯಾಕೆ ತೊಂದ್ರೆ," ಎಂದು ಗಾಬರಿಯಾಗುತ್ತಿದ್ದರು. ಶಿಷ್ಯನ ಮುಂದೆ ನಾಚಿಕೆ ಎಂದುಕೊಂಡ ವಸಂತಮ್ಮ, ಅಕ್ಕನ ಮನೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಬಸ್ಸು ಹತ್ತಿದರು.

ಗ್ಯಾರೇಜಿನ ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರು, ಕೆಳಗೆ ಒಂದು ಬಿಚ್ಚಿದ ಟ್ರಾಕ್ಟರು. ನಲವತ್ತರ ಹತ್ತಿರದ ನಟರಾಜು, ಯಾರ ಮನೆಯವರು ಎಂದು ತಿಳಿದದ್ದೇ, ಕೈ ಒರೆಸಿಕೊಳ್ಳುತ್ತಾ ಓಡಿ ಬಂದ.

"ಅಮ್ಮಾರೆ, ನೀವ್ಯಾಕೆ ಬಸ್ನಾಗೆ ಬರಾಕೋದ್ರಿ? ಒಂದು ಫೋನ್ ಮಾಡಿದ್ರೆ ನಾನೇ ಬತ್ತಿರ್ನಿಲ್ವಾ?"

ವಸಂತಮ್ಮ ಎಲ್ಲಾ ಹೇಳಿದರು. ಸೋಮವಾರ ಪಾಲಾಕ್ಷ ಬರುವುದನ್ನೂ, ಕುರ್ಚಿಯನ್ನೂ. ನಟರಾಜು ಕುರ್ಚಿಯ ಮಾತು ಕೇಳಿ ಕೈ ಒರೆಸುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟ.

"ಬಾನುವಾರ ಬತ್ತೀನಿ ಬುಡಿ. ಸಾ ಇರಾಕಿಲ್ಲ ತಾನೆ?"

ಇರುತ್ತಿರಲಿಲ್ಲ. ಆ ಭಾನುವಾರ ಚನ್ನರಾಯಪಟ್ಟಣದಲ್ಲಿ ಮೇಷ್ಟ್ರ ಅಣ್ಣನ ಮೊಮ್ಮಗ ವಂಶಿಯ ಉಪನಯನ. ವಸಂತಮ್ಮ ಮಂಡಿ ನೋವೆಂದು ಇನ್ನೊಂದು ಸುಳ್ಳು ಹೇಳಿ ಉಳಿದರು. ಒಂದೇ ವಾರದಲ್ಲಿ ಎರಡು ಸುಳ್ಳು ಆಕೆ ಹಿಂದೆಂದೂ ಹೇಳಿದವರಲ್ಲ.

ನಟರಾಜು ಬಂದವನು ಬಾನೆಟ್ಟು ಎತ್ತಲೇ ಇಲ್ಲ. ಗಾಡಿ ಶುರು ಮಾಡಿ ಕಣ್ಣು ಮುಚ್ಚಿ ಕೇಳಿದ. ಆರಿಸಿದ. ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಬಿಚ್ಚಿ, ಅದಕ್ಕೆ ಬಾಯಿಟ್ಟು ಊದಿದ. ಕೆನ್ನೆ ಉಬ್ಬಿ ಕೆಂಪಾಯಿತು, ಗಾಳಿ ಹೋಗಲಿಲ್ಲ. ಇನ್ನೊಮ್ಮೆ ಊದಿದ. ಟ್ಯಾಂಕಿನೊಳಗೆ ಗುಳುಕ್ ಎಂದಿತು.

"ಇಲ್ಲೈತೆ ನೋಡಿ. ಟ್ಯಾಂಕ್ ಜಾಲ್ರಿಗೆ ಏನೋ ಅಡ್ಡ ಕೂತದೆ. ಇಂಜಿನ್ನು ಎಣ್ಣೆ ಎಳ್ದಂಗೆಲ್ಲ ಅದೂ ಬಂದು ಕಚ್ಕತದೆ. ನಿಂತ್ಮ್ಯಾಗೆ ಎಳೆಯೋದು ನಿಲ್ತದೆ, ಉದುರೋಯ್ತದೆ. ಅದ್ಕೇ ಅರ್ದ ಗಂಟೆ ಬುಟ್ಟು ಓಡ್ತಿದ್ದದ್ದು. ಟ್ಯಾಂಕ್ ಇಳಿಸ್ಬೇಕು. ಒಬ್ರು ಇಡ್ಕೊಳಾಕೆ ಬೇಕಿತ್ತು..."

"ನಾನು ಹಿಡ್ಕೊತೀನಿ," ಎಂದು ವಸಂತಮ್ಮ ನೆಲಕ್ಕೆ ಕೂತೇಬಿಟ್ಟರು. ನಟರಾಜು ಬೇಡವೆಂದರೂ ಕೇಳಲಿಲ್ಲ. ಎಣ್ಣೆಯನ್ನೆಲ್ಲ ಬಸಿದು, ಒಂದು ಬದಿ ಅವನು, ಒಂದು ಬದಿ ಆಕೆ, ಟ್ಯಾಂಕನ್ನು ಮೆಲ್ಲಗೆ ಮಣೆಯ ಮೇಲೆ ಇಳಿಸಿದರು. ನಟರಾಜು ಮುಚ್ಚಳ ಬಿಚ್ಚಿ ಜಾಲರಿಯನ್ನು ಹೊರಗೆ ಎಳೆದ.

ಜಾಲರಿ ಕಾಣಿಸುತ್ತಲೇ ಇರಲಿಲ್ಲ. ಅದರ ಸುತ್ತ ಹೂಬತ್ತಿಯ ಹಾಗೆ ಮೆತ್ತಗೆ, ಬೂದು ಬಣ್ಣದ ಒಂದು ಉಂಡೆ ಕಚ್ಚಿಕೊಂಡಿತ್ತು. ನೂಲಿನ ಉಂಡೆ. ನಟರಾಜು ಅದನ್ನು ಬಿಡಿಸಿ ಅಂಗೈಯಲ್ಲಿ ಹಿಂಡಿದ.

"ಯಾವ ಬಡ್ಡಿಮಗನೋ ಟ್ಯಾಂಕಿಗೆ ಬಟ್ಟೆ ತುರುಕವ್ನೆ ಕಣಮ್ಮ..."

ಉಂಡೆಯ ನಡುವೆ ಕುಂಕುಮ ಬಣ್ಣದ ಎರಡು ಎಳೆಗಳಿದ್ದವು. ನಟರಾಜು ಆಕೆಯ ಮುಖ ನೋಡಿದ. ಆಕೆಯ ಕಣ್ಣು ಹೋದ ಕಡೆ ನೋಡಿದ. ಕೊಟ್ಟಿಗೆಯ ತಂತಿಯ ಮೇಲೆ ಅಂಚಿನಲ್ಲಿ ಎಳೆ ಎಳೆ ಬಿಟ್ಟುಕೊಂಡ ಪಂಚೆಯ ತುಂಡು ಒಣಗುತ್ತಿತ್ತು. ಒಂದು ವರ್ಷ, ಮೂರು ದಿನಕ್ಕೊಮ್ಮೆ, ಆ ಮುಪ್ಪಿನ ಬಟ್ಟೆ ಎಣ್ಣೆಯ ಜೊತೆ ತನ್ನ ಜುಂಗನ್ನೂ ಟ್ಯಾಂಕಿಗೆ ಇಳಿಸಿತ್ತು.

ನಟರಾಜು ಬಯ್ದ ನಾಲಿಗೆ ಕಚ್ಚಿಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ, "ಅಮ್ಮಾರೆ, ಇದ ನಾನು ಒಲೇಗೆ ಆಕ್ಬುಡ್ತೀನಿ. ಗುಂಡಯ್ಯನೋರ ಕಾಲದ ಕಸ ಅಂತ ಏಳ್ಬುಟ್ರಾಯ್ತು. ಯಾರ್ಗೂ ಗೊತ್ತಾಗಾಕಿಲ್ಲ," ಎಂದ.

ಹ್ಞೂಂ ಎನ್ನಲು ವಸಂತಮ್ಮನ ಬಾಯಿ ತೆರೆದಿತ್ತು. ಸುಳ್ಳು ಹೇಳಿ ಹೇಗೂ ಅಭ್ಯಾಸವಾಗುತ್ತಿತ್ತು. ಅಷ್ಟರಲ್ಲಿ ನಟರಾಜು, "ಫಿಲ್ಟ್ರೂ ಒಂದು ಒಸದು ಆಕ್ಬುಡನ," ಎಂದು ಗೂಡಿನಲ್ಲಿ ಹುಡುಕಲು ಹೋಗಿ, ಪೇಪರಿನಲ್ಲಿ ಸುತ್ತಿದ ಏನನ್ನೋ ತೆಗೆದ. ಗರಗಸದಿಂದ ಎರಡು ಹೋಳು ಮಾಡಿದ ಹಳೆಯ ಡೀಸೆಲ್ ಫಿಲ್ಟರು. ಒಳಗಿನ ಕಾಗದದ ಮಡಿಕೆಗಳ ತುಂಬಾ ಬೂದು ಜುಂಗು. ಪೇಪರಿನ ಒಂದು ಮೂಲೆಯಲ್ಲಿ, ಬೇರೆಯಾಗಿ, ಒಂದು ಕೆಂಪು ಎಳೆ. ಯಾರೋ ಚಿಮಟದಿಂದ ಎತ್ತಿ ಇಟ್ಟ ಹಾಗಿತ್ತು. ಪೇಪರಿನ ತಾರೀಖು ಶಿವರಾತ್ರಿಯ ಮರುದಿನದ್ದು.

"ಸಾ ನೋಡವ್ರೆ," ಎಂದ ನಟರಾಜು, ಮೆಲ್ಲಗೆ. "ಫಿಲ್ಟ್ರು ಕೊಯ್ದು ಜಾತ್ಕ ಓದ್ದಂಗೆ ಓದ್ಬೇಕು ಅಂತ ನಮ್ಗೆ ಏಳ್ಕೊಟ್ಟೋರೇ ಅವ್ರು. ಇದ ನೋಡಿದ್ಮ್ಯಾಗೂ ಗೊತ್ತಾಗ್ನಿಲ್ಲ ಅಂದ್ರೆ ನಾನು ಸತ್ರೂ ನಂಬಾಕಿಲ್ಲ."

ವಸಂತಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಗೊತ್ತಿದ್ದೂ ಗೊತ್ತಿಲ್ಲ ಅಂದರಲ್ಲ. ನನ್ನನ್ನು ಏನೆಂದುಕೊಂಡಿದ್ದಾರೆ? ಒಂದು ಮಾತು, 'ಈ ಬಟ್ಟೆ ಬೇಡ ಕಣೇ' ಎಂಬ ಒಂದೇ ಮಾತು ಹೇಳಲಿಕ್ಕೆ ಏನು ದಾಡಿ? ಹಾಗೆ ಕೇಳಿಕೊಂಡದ್ದೇ ಆಕೆಗೆ ಉತ್ತರ ಹೊಳೆಯಿತು. ಒಂದು ಕಲ್ಲು ಉಪ್ಪಿಗೆ ಹನ್ನೊಂದು ವರ್ಷ ತೆತ್ತ ಮನುಷ್ಯ ಅದು. ಸಿಟ್ಟು ಮಾಡುವ ಹೆಂಡತಿಗೆ ಯಾರೂ ಅಷ್ಟು ಹೆದರುವುದಿಲ್ಲ. ತಾನು ಸಿಟ್ಟನ್ನೂ ಮಾಡದೆ ಬಾಗಿಲು ಹಾಕಿಕೊಂಡು ಒಳಗೆ ಕೂರುವವಳು. ಇದನ್ನು ಹೇಳಿದರೆ ಇವಳು 'ಗಾಡಿ ಕೆಡಿಸಿದವಳು ನಾನು' ಎಂದು ಇನ್ನೆಷ್ಟು ವರ್ಷ ಒಳಗೇ ಕೂರುತ್ತಾಳೋ ಎಂದು ಮೇಷ್ಟ್ರು ಲೆಕ್ಕ ಹಾಕಿ, ಬೀದಿಯವರ ನಗೆಯನ್ನೆಲ್ಲ ತಮ್ಮ ತಲೆಗೆ ಕಟ್ಟಿಕೊಂಡು, ಗಾಡಿಯನ್ನೂ ಕೊಟ್ಟು, ಆ ಕುರ್ಚಿಯಲ್ಲಿ ಕೂತರು. ವಸಂತಮ್ಮ ಟ್ಯಾಂಕಿನ ಪಕ್ಕದಲ್ಲಿ ಕೂತು, ಹೊರಗಿನವನೊಬ್ಬ ಎದುರಿಗಿದ್ದಾನೆಂಬುದನ್ನೂ ಮರೆತು ಅತ್ತರು. ನಟರಾಜು ಟ್ಯಾಂಕು ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿದ.

ಕೆಲಸ ಮುಗಿದ ಮೇಲೆ ಅವನನ್ನು ನಡುಮನೆಯಲ್ಲಿ ಕೂರಿಸಿ ಊಟ ಬಡಿಸಿದರು. ಹೊರಡುವಾಗ ಅವನು ಮತ್ತೆ ಕೇಳಿದ, "ಆ ಉಂಡೇನ ಏನ್ ಮಾಡ್ಲಿ ಅಮ್ಮಾರೆ?"

"ಇಲ್ಲೇ ಇಟ್ಟು ಹೋಗಪ್ಪ. ಕೆಲಸ ಇದೆ," ಎಂದರು ವಸಂತಮ್ಮ.

ಸೋಮವಾರ ಹತ್ತು ಗಂಟೆಗೆ ಪಾಲಾಕ್ಷ ಲಾರಿ, ಗ್ಯಾಸ್ ಸಿಲಿಂಡರು, ಇಬ್ಬರು ಆಳುಗಳ ಸಮೇತ ಬಂದಿಳಿದ. ಬೀದಿ ಮತ್ತೆ ಜಗಲಿಗೆ ಬಂತು. ಪ್ರೇಮಕುಮಾರಿ ಕಣ್ಣೊರೆಸಿಕೊಂಡರು, ಸಂಡಿಗೆಗೆ ಅಂಥ ಜಾಗ ಇನ್ನು ಸಿಕ್ಕೀತೆ? ಮೇಷ್ಟ್ರು ಕುರ್ಚಿಯಿಂದ ಏಳದೆ ಕೊಟ್ಟಿಗೆಯ ಕಡೆ ಕೈ ತೋರಿಸಿದರು.

ವಸಂತಮ್ಮ ಬಾಗಿಲಿಗೆ ಅಡ್ಡ ಬಂದು ನಿಂತರು. "ಗಾಡಿ ಕೊಡೋದಿಲ್ಲಪ್ಪ."

"ಅದೆಂಗಾಯ್ತದೆ ಅಮ್ಮ? ಮೇಷ್ಟ್ರು ಮಾತು ಕೊಟ್ಟವ್ರೆ. ಓಡ್ದೇ ಇರೋ ಗಾಡಿ ಮಡಿಕ್ಕೊಂಡು ಏನ್ ಮಾಡೀರಿ?"

"ಓಡುತ್ತೆ. ಅದು ಓಡದ ಹಾಗೆ ಮಾಡಿದ್ದು ನಾನು." ಆಕೆ ದನಿಯನ್ನು ಇನ್ನೂ ಜೋರು ಮಾಡಿದರು, ಬೀದಿಯ ಆ ತುದಿಗೂ ಕೇಳಲಿ ಎಂದು. "ನೋಡಿ ಎಲ್ಲಾರೂ. ಎಣ್ಣೆ ಸೋಸೋಕೆ ಬರುತ್ತೆ ಅಂತ ಜಂಬ ಕೊಚ್ಚಿಕೊಂಡು, ಹಳೇ ಪಂಚೆ ಕಟ್ಟಿ ಇಷ್ಟು ನೂಲು ಟ್ಯಾಂಕಿಗೆ ತುಂಬಿದೆ. ತಪ್ಪು ನನ್ನದು. ಮೇಷ್ಟ್ರ ವಿದ್ಯೇಲಿ ಒಂದು ಕೂದಲೆಳೆಯಷ್ಟೂ ಊನ ಇಲ್ಲ. ಅವರಿಗೆ ಗೊತ್ತಿತ್ತು. ನನ್ನ ಮುಖ ನೋಡಿ ಸುಮ್ಮನಿದ್ದರು."

ಎತ್ತಿ ಹಿಡಿದ ಅಂಗೈಯಲ್ಲಿ ಉಂಡೆ. ವಸಂತಮ್ಮನ ಬಾಯಲ್ಲಿ ತಪ್ಪು ಎಂಬ ಮಾತನ್ನು ಅಲ್ಲಿ ಯಾರೂ ಕೇಳಿದವರಲ್ಲ. ಮೇಷ್ಟ್ರು ಕುರ್ಚಿಯಿಂದ ಎದ್ದು ಬಂದ ವೇಗಕ್ಕೆ ಕುರ್ಚಿ ಹಿಂದಕ್ಕೆ ಮಗುಚಿತು.

"ವಸಂತಾ, ಏನಿದು, ಒಳಗೆ ಹೋಗೋಣ ಬಾ..."

"ಒಳಗೆ ಹೋಗಿದ್ದು ಸಾಕು. ಕೀಲಿ ತನ್ನಿ, ದಿಣ್ಣೆ ಹತ್ತಿಸಿ."

ಪಾಲಾಕ್ಷ ವ್ಯಾಪಾರಸ್ಥ. "ಆಯ್ತು, ನಾನೂ ಇಂದೇ ಬತ್ತೀನಿ. ನಡುವ್ಲಾಗೆ ನಿಂತ್ರೆ ಅಲ್ಲೇ ಅಗ್ಗ ಕಟ್ಟಿ ಎಳ್ಕೊಂಡೋಯ್ತೀನಿ. ಆಮ್ಯಾಕೆ ಬ್ಯಾಡ ಅನ್ನಂಗಿಲ್ಲ," ಎಂದ.

"ಆಗಲಿ," ಎಂದರು ವಸಂತಮ್ಮ, ಗಂಡನನ್ನು ಕೇಳದೆ.

ಅರಕಲಗೂಡಿನ ರಸ್ತೆಯಲ್ಲಿ ಮುಂದೆ ಜಪಾನ್ ಗಾಡಿ, ಹಿಂದೆ ಗುಜರಿ ಲಾರಿ. ಮೇಷ್ಟ್ರ ಕಣ್ಣು ರಸ್ತೆಯ ಮೇಲೆ, ವಸಂತಮ್ಮನ ಕಣ್ಣು ವಾಲುವ ಮೀಟರಿನ ಗೊಂಬೆ ಜೀಪಿನ ಮೇಲೆ. ದಿಣ್ಣೆ ಶುರುವಾಯಿತು. ಗೊಂಬೆ ಜೀಪು ಮೂಗು ಮೇಲೆತ್ತಿತು. ಗಾಡಿ ಪ್ರತಿ ಸಲ ನಿಲ್ಲುತ್ತಿದ್ದ ಕಡೆ ಬಂದಾಗ ವಸಂತಮ್ಮ ತಮ್ಮ ಕಾಲನ್ನೇ ನೆಲಕ್ಕೆ ಒತ್ತಿ ಹಿಡಿದರು. ಇಂಜಿನ್ನಿನ ಗುಡುಗು ಒಂದು ಚೂರೂ ಅಲುಗಲಿಲ್ಲ. ಗಾಡಿ ಏರಿತು, ಏರುತ್ತಲೇ ಹೋಯಿತು, ನೆತ್ತಿ ಮುಟ್ಟಿತು. ಹಿಂದೆ ಲಾರಿ ಎರಡು ಸಲ ಹಾರ್ನ್ ಮಾಡಿ, ಅಲ್ಲೇ ಹಿಂದಕ್ಕೆ ತಿರುಗಿಕೊಂಡಿತು. ಪಾಲಾಕ್ಷ ಕಿಟಕಿಯಿಂದ ಕೈ ಬೀಸುತ್ತಿದ್ದ; ನಗುತ್ತಿದ್ದನೋ ಬಯ್ಯುತ್ತಿದ್ದನೋ ತಿಳಿಯಲಿಲ್ಲ.

ಮೇಷ್ಟ್ರು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಕೈಗಳನ್ನು ಸ್ಟೀರಿಂಗಿನ ಮೇಲೇ ಇಟ್ಟುಕೊಂಡು ಕೂತರು.

"ಬೀದಿ ಎದುರಿಗೆ ಹಾಗೆ ಹೇಳಬಾರದಿತ್ತು ನೀನು," ಎಂದರು ಕೊನೆಗೆ. "ನಿನಗೆ ನೋವಾಗುತ್ತೆ ಅಂತ ನಾನು..."

"ಆಯ್ತು ನೋವು. ನೀವು ಹೇಳಲಿಲ್ಲವಲ್ಲ ಅಂತ ಆಯ್ತು." ವಸಂತಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. "ಅದು ಇರಲಿ. ನಾಳೆ ಎಣ್ಣೆ ತರ್ತೀರಲ್ಲ, ಹೇಗೆ ಸೋಸಬೇಕು ಹೇಳಿ. ಹೊಸ ಬಟ್ಟೆ ತಗೊಳ್ಳಲಾ? ಮಲ್ಲು ಪಂಚೆ ಆದೀತೆ?"

ಮೇಷ್ಟ್ರು ತಿರುಗಿ ಹೆಂಡತಿಯ ಮುಖವನ್ನು ಹೊತ್ತಾಗುವಷ್ಟು ನೋಡಿದರು. ಆಮೇಲೆ ಮೂವತ್ತು ವರ್ಷದಲ್ಲಿ ಎರಡನೆಯ ಸಲ ಧೈರ್ಯ ಮಾಡಿದರು.

"ಅಲ್ಲ ಕಣೇ. ಅದು ತಪ್ಪು."

ವಸಂತಮ್ಮ ಕಾಲು ಮಡಿಸಿಕೊಂಡು, ಮಖಮಲ್ ಸೀಟಿನಲ್ಲಿ ಪೂರ್ತಿ ಅವರ ಕಡೆಗೆ ತಿರುಗಿ ಕೂತರು.

"ಹಾಗಾದರೆ ಸರಿ ಯಾವುದು?"